ಅಪ್ಪನ ಕ್ಲಾರಿಯೋನೆಟ್ ಮಾರಬಹುದೆ?

ಊರಿನ ಮದುವೆ, ತೇರುಗಳಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ವಾದ್ಯ ಮುಂಬಯಿಯ ಮಗನ ಪಾಲಿಗೆ ಬಂತೆನ್ನಿ. ಮಗನಿಗೆ ಊದಲು ಬಾರದು. ಮಾರಲು ಹೊರಟರೆ ಬಂಧುಗಳು ಕೇಳುತ್ತಾರೆ: ಅಪ್ಪನ ನೆನಪನ್ನೇ ಮಾರುತ್ತೀಯಾ?

ಹಳೆಯ ಕ್ಲಾರಿಯೋನೆಟ್‌ಗಳು ಹೆಚ್ಚಾಗಿ ಆಫ್ರಿಕದ ಕರಿಮರದವು. ಊದದೆ ಇಟ್ಟರೆ ಕೀಲುಗಳ ಕಾರ್ಕ್ ಒಣಗುತ್ತದೆ, ರಂಧ್ರ ಮುಚ್ಚುವ ಪ್ಯಾಡುಗಳು ಗಟ್ಟಿಯಾಗಿ ಗಾಳಿ ಸೋರುತ್ತದೆ, ಮರ ಬಿರಿಯುವುದೂ ಉಂಟು. ಅಮ್ಮನ ಸರ ಪೆಟ್ಟಿಗೆಯಲ್ಲಿದ್ದರೂ ಚಿನ್ನವೇ. ಉಸಿರಿನ ವಾದ್ಯಕ್ಕೆ ಆ ಭಾಗ್ಯವಿಲ್ಲ. ಕಪಾಟಿನಲ್ಲಿ ಉಳಿಯುವುದು ನಮ್ಮ ಒಡೆತನ ಮಾತ್ರ.

ಕದ್ರಿ ಗೋಪಾಲನಾಥರ (1949–2019) ತಂದೆ ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅದಕ್ಕೇ ಒಲಿದರು. ತಂದೆಯಿಂದ ಬಂದ ವಿದ್ಯೆ ಬೇರೊಂದು ಕೊಳವೆಯಲ್ಲಿ ನುಡಿಯಿತು. ತಂದೆಗೆ ಎರಡು ಬಗೆದರೆಂದು ಯಾರೂ ಅನ್ನಲಿಲ್ಲ.

ಹಾಗೆಂದು ಯಾರಿಗೆ ಮಾರಿದರೂ ಸರಿಯೆ? ಚೋರ್ ಬಜಾರಿನ ಹಳೆಯ ಗ್ರಾಮಫೋನುಗಳ ಪಕ್ಕದಲ್ಲಿಟ್ಟರೆ ಗೋಡೆಯ ಅಲಂಕಾರಕ್ಕೆಂದು ಕೊಳ್ಳುವವರು ಹೆಚ್ಚು ಕೊಟ್ಟಾರು. ಬ್ಯಾಂಡಿನಲ್ಲಿ ಊದಿ ಹೊಟ್ಟೆ ಹೊರೆಯುವ ಹುಡುಗ ಅದರರ್ಧವನ್ನೂ ಕೊಡಲಾರ. ಮಗನ ಪಿತೃಭಕ್ತಿಯ ಪರೀಕ್ಷೆ ಇರುವುದು ಆ ಎರಡು ಬೆಲೆಗಳ ನಡುವೆ.

ದಾನವನ್ನೇ ಮಾಡಬಾರದೆ? ಅನುಕೂಲವಿದ್ದವರು ಮಾಡಲಿ. ಬಾಡಿಗೆ ಮನೆಯ ಮಗನಿಗೆ ಹಣ ಬೇಕಿದ್ದರೆ ನಾಚಿಕೆಯೇಕೆ? ಅಪ್ಪನೂ ಎಲೆ ಅಡಿಕೆಯ ಜತೆ ಸಂಭಾವನೆ ಪಡೆದೇ ಊದಿದವನು. ಮಗ ಓದಿದ್ದು ಆ ಹಣದಲ್ಲೇ. ಕೊಳ್ಳಲು ಬಂದವನಿಗೆ ಮೊದಲು “ಒಂದು ಸಲ ನುಡಿಸಪ್ಪ” ಎನ್ನೋಣ, ಬೆಲೆಯ ಮಾತು ಆಮೇಲೆ.