ನಡುಬೂದಿಯ ನ್ಯಾಯ

ಕ್ಯಾಮರಾ ಸುಳ್ಳು ಹೇಳುವುದಿಲ್ಲ ಎನ್ನುವವರು ಮದುವೆಯ ಆಲ್ಬಮ್ಮನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಗುಮಾನಿ. ಬಿಳಿ ಧಾರೆಸೀರೆ, ಪಕ್ಕದಲ್ಲಿ ಬಿಳಿ ಪಂಚೆಯ ವರ. ಎಣ್ಣೆಗಪ್ಪಿನ ವಧುವಿನ ಮುಖ ಮಾತ್ರ ಕಣ್ಣುಮೂಗು ಕಾಣದಷ್ಟು ಕಪ್ಪು. "ಹುಡುಗಿ ಸ್ವಲ್ಪ ಕಪ್ಪಲ್ಲವೇ?" ಎಂದು ಪುಟ ಮಗುಚುತ್ತಾರೆ.

ನಮ್ಮ ಮನೆಯಲ್ಲಿ ಕಪ್ಪು ನಾನೇ. ಹಾಗಾಗಿ ಇದು ನನಗೆ ಬರೀ ಕ್ಯಾಮರಾದ ಲೆಕ್ಕವಲ್ಲ.

ಕ್ಯಾಮರಾದೊಳಗಿನ ಮಾಪಕ ಎದುರಿನಿಂದ ಮರಳಿ ಬರುವ ಬೆಳಕನ್ನಷ್ಟೇ ಅಳೆಯುತ್ತದೆ. ಲೋಕವೆಲ್ಲ ಸರಾಸರಿಯಲ್ಲಿ ನಡುಬೂದಿ ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವಂಥದ್ದು ಎಂಬುದು ಅದರ ಹಳೆಯ ನಂಬಿಕೆ. ಬಿಳಿ ಸೀರೆ ಹೆಚ್ಚು ಬೆಳಕು ಕಳಿಸಿತೋ, ಬಿಸಿಲು ಜಾಸ್ತಿಯೆಂದು ತಿಳಿದು ಒಳಬರುವ ಬೆಳಕನ್ನು ತಗ್ಗಿಸುತ್ತದೆ. ಸೀರೆ ಮಾಸುತ್ತದೆ, ಮುಖ ಮುಳುಗುತ್ತದೆ.

ಇದಕ್ಕೆ ಉಪಾಯಗಳಿವೆ. ಚೌಕಟ್ಟಿನ ನಡುಭಾಗಕ್ಕೆ ಹೆಚ್ಚು ಬೆಲೆ ಕೊಡುವುದೊಂದು. ಇಡೀ ಚೌಕಟ್ಟನ್ನು ತುಂಡುಮಾಡಿ ತೂಗಿನೋಡುವ ಕ್ರಮ 1983ರಲ್ಲಿ ನಿಕಾನ್ ಎಫ್‌ಎ ಕ್ಯಾಮರಾದಲ್ಲಿ ಬಂತು. ಸ್ಪಾಟ್ ಮೀಟರಿಂಗ್ ಎಂಬುದು ಚುಕ್ಕೆಯಷ್ಟು ಜಾಗವನ್ನು ಮಾತ್ರ ಅಳೆಯುತ್ತದೆ. ವಧುವಿನ ಕೆನ್ನೆಯನ್ನೇ ಅಳೆದರಾಯಿತಲ್ಲ ಎನ್ನುತ್ತೀರಾ? ಆಗ ಮಾಪಕ ಅವಳನ್ನೂ ನಡುಬೂದಿಗೆ ಎಳೆದು, ಇಲ್ಲದ ಬಿಳುಪು ಬಳಿಯುತ್ತದೆ. ಗುಂಪಿನಲ್ಲಿ ಮುಳುಗಿಸುವುದೂ ಅನ್ಯಾಯ, ಒಂಟಿಯಾಗಿ ನಿಲ್ಲಿಸಿ ತಿದ್ದುವುದೂ ಅನ್ಯಾಯ. ಗಂಡಿನ ಮನೆಗೆ ಕಳಿಸುವ ಫೋಟೋಗೆ ಸ್ಟುಡಿಯೋದಲ್ಲಿ ಟಚಪ್ ಮಾಡಿಸುತ್ತಿದ್ದರಲ್ಲ, ಅದೇ ಜಾತಿಯದು.

ಬೆಳಕಿನ ಮಾತು ಹೀಗಾದರೆ ಬಣ್ಣದ್ದು ಇನ್ನೊಂದು ಕಥೆ. ಲ್ಯಾಬುಗಳಲ್ಲಿ ಬಣ್ಣ ಹೊಂದಿಸಿಕೊಳ್ಳಲೆಂದು ಕೊಡಕ್ ಕಂಪನಿ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ದಶಕಗಳ ಕಾಲ ಇದ್ದವಳು ಬಿಳಿಯ ಹೆಣ್ಣುಮಗಳು. ಕಂದು ಛಾಯೆಗಳು ಸರಿಯಾಗಿ ಮೂಡುತ್ತಿಲ್ಲವೆಂಬ ದೂರಿಗೆ ಕಂಪನಿ ಕಿವಿಗೊಟ್ಟದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ದೂರಿದಾಗ ಎಂದು ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಬರೆದಿದ್ದಾರೆ. ಕಪ್ಪು ತಾಯಂದಿರಿಗಿಂತ ಮೊದಲು ಮೇಜಿಗೆ ನ್ಯಾಯ ಸಿಕ್ಕಿತು!

ಬಲ್ಲ ಫೋಟೋಗ್ರಾಫರ್ ಕೆನ್ನೆಯನ್ನು ಅಳೆದು, ಮಾಪಕ ಹೇಳಿದ್ದಕ್ಕಿಂತ ಒಂದಿಷ್ಟು ಬೆಳಕು ಇಳಿಸುತ್ತಾನೆ. ಎಷ್ಟು ಇಳಿಸಬೇಕೆಂದು ಮಾಪಕಕ್ಕೆ ತಿಳಿಯದು. ಅದಕ್ಕೆ ಅವನು ಕ್ಯಾಮರಾ ಕೆಳಗಿಟ್ಟು ಆ ಹುಡುಗಿಯ ಮುಖವನ್ನು ಒಂದು ಗಳಿಗೆ ನೋಡಬೇಕು. ಮುಹೂರ್ತದ ಗಡಿಬಿಡಿಯಲ್ಲಿ ಅಷ್ಟು ವ್ಯವಧಾನ ಯಾರಿಗಿದೆ?

ಈಗಿನ ಫೋನುಗಳು ಮುಖವನ್ನು ಗುರುತಿಸಿ ತಾವೇ ಬೆಳಗಿಸಿಬಿಡುತ್ತವೆ. "ಅಜ್ಜಿ, ಎಷ್ಟು ಬೆಳ್ಳಗೆ ಬಂದಿದ್ದೀಯ ನೋಡು!" ಎನ್ನುತ್ತಾಳೆ ಮೊಮ್ಮಗಳು. ಪರದೆಯ ಮೇಲಿನ ಸೂರ್ಯನ ಗುರುತನ್ನು ಕೆಳಗೆ ಜಾರಿಸಿ ಇನ್ನೊಮ್ಮೆ ತೆಗೆಯೆಂದು ನಾನು ಹೇಳುತ್ತೇನೆ.