ತಂಬೂರಿ ಹೊರುವ ಭಾರ

(ತಾಳಮಲೆ ಸೀಮೆಯ ಒಂದು ಊರು. ಮಾತಾಡುವವರು ವೀಣೆ ಕಲಿಯುತ್ತಿರುವ ಹುಡುಗಿ, ಊರಿನ ಮೇಷ್ಟ್ರು.)

ಹುಡುಗಿ: ಮೇಷ್ಟ್ರೇ, ನೆದರ್ಲೆಂಡ್ಸ್‌ನ ಯೋಸೆಫ್ ವಾನ್ ವಿಸೆಮ್ ಲ್ಯೂಟ್ ನುಡಿಸುವುದನ್ನು ಕೇಳಿದೆ. ಜಿಮ್ ಜಾರ್ಮುಶ್ ಅವರ 2013ರ ‘ಓನ್ಲಿ ಲವರ್ಸ್ ಲೆಫ್ಟ್ ಅಲೈವ್’ ಚಿತ್ರಕ್ಕೆ ಸಂಗೀತ ಕೊಟ್ಟವರು. ಬರೋಕ್ ಕಾಲದ ವಾದ್ಯ, ಕೆಲವೇ ಸ್ವರ, ಅದೇ ಮತ್ತೆ ಮತ್ತೆ. ಕೆಲವು ಕೃತಿಗಳು ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತವೆ. ಶಾಸ್ತ್ರೀಯವೂ ಹೌದು, ಕತ್ತಲು ಕವಿದ ಜನಪದವೂ ಹೌದು. ನಮ್ಮಲ್ಲಿ ಇಂಥದ್ದಿಲ್ಲ.

ಮೇಷ್ಟ್ರು: ನೀಲಗಾರರ ತಂಬೂರಿ ಇದೆಯಲ್ಲವ್ವ! ಕಛೇರಿಯಲ್ಲಿ ತಂಬೂರಿ ಗಾಯಕರ ಹಿಂದೆ ಕೂತು ಶ್ರುತಿ ಕೊಡುತ್ತದೆ, ಕೆಲಸವೆಲ್ಲ ರಾಗದ್ದು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲಿ ಅದು ಮುಖ್ಯ ಗಾಯಕನ ಹೆಗಲಿಗೇ ಬರುತ್ತದೆ. ಶ್ರುತಿಯೂ ಲಯವೂ ಅದೇ ಮೀಟಿನಲ್ಲಿ. ಜೊತೆಗೆ ಗಗ್ಗರ, ಡಕ್ಕೆ, ತಾಳ, ಅಷ್ಟೆ. ಮಟ್ಟು ಹೆಚ್ಚು ಅಲ್ಲಾಡುವುದಿಲ್ಲ. ಅದರ ಮೇಲೆ ಏನು ಹೇರಿದ್ದಾರೆ ನೋಡು: ಸತ್ತ ಕರುವನ್ನು ಹೊತ್ತು, ನಾರುತ್ತಾ, ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಶರಣರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ಹೊತ್ತಿಗೆ ರಾಗ ವಿಸ್ತಾರಕ್ಕೆ ಇಳಿದರೆ ಕೇಳುಗ ರಾಗದ ಚೆಲುವಿಗೆ ಸೋತು ಆ ನಾತವನ್ನೇ ಮರೆಯುತ್ತಾನೆ. ತಂಬೂರಿ ಹಾಗೆ ಮರೆಯಲು ಬಿಡುವುದಿಲ್ಲ. ಅಲಂಕಾರ ಕಿತ್ತುಹಾಕಿದ್ದರಿಂದ ಬಂದ ಮಿತವಲ್ಲ ಅದು. ಹೊರಬೇಕಾದದ್ದು ಭಾರವಾಗಿರುವುದರಿಂದ ನಾದ ಅಲ್ಲಾಡದೆ ನಿಂತಿದೆ.

ಹುಡುಗಿ: ನೀಲಗಾರರು ಸೇರುವ ಚಿಕ್ಕಲ್ಲೂರು ಜಾತ್ರೆ ನಡೆಯುವುದು ಕರ್ನಾಟಕದಲ್ಲಿ. ನಾವು ತಮಿಳುನಾಡಿನವರು. ‘ನಮ್ಮದು’ ಅನ್ನಬಹುದೆ?

ಮೇಷ್ಟ್ರು: 1956ರ ನವೆಂಬರ್ 1ರವರೆಗೆ ಚಿಕ್ಕಲ್ಲೂರಿದ್ದ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆ. ಅದು ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲಿ ಉಳಿದೆವು. ಗಡಿಯ ಮಾತಿಗಿಳಿದರೆ ಇವತ್ತಿಗೆ ಮುಗಿಯದು, ಬಿಡು.

ಹುಡುಗಿ: ಸರಿ. ಆದರೆ ನೀವು ಹೇಳಿದ ಕತ್ತಲು ಕಥೆಯದು, ತಂತಿಯದಲ್ಲ. ವಿಸೆಮ್ ಅವರ ಲ್ಯೂಟಿಗೆ ಕಥೆಯೇ ಇಲ್ಲ.

ಮೇಷ್ಟ್ರು: ಒಳ್ಳೆಯ ಆಕ್ಷೇಪ. ಕಥೆ ಇಲ್ಲ, ನಿಜ. ಆದರೆ ಜಾರ್ಮುಶ್ ಜೊತೆ 2012ರಲ್ಲಿ ತಂದ ಆಲ್ಬಮ್ಮಿಗೆ ‘ಸ್ವರ್ಗದ ರಹಸ್ಯ’ ಎಂಬರ್ಥದ ಹೆಸರಿಟ್ಟರಲ್ಲ, ಯಾಕೆ? ಹೆಸರು, ಅವರು ನುಡಿಸುವ ಚರ್ಚು, ಸಿನಿಮಾದ ರಾತ್ರಿ, ಇವೆಲ್ಲ ಆ ಕೆಲವೇ ಸ್ವರಗಳಿಗೆ ತೂಕ ಕೊಡುತ್ತವೆ. ಉಳಿದದ್ದನ್ನು ಕೇಳುಗನೇ ತರಬೇಕು. ಏನೂ ಹೊರದ ಪುನರಾವರ್ತನೆ ಬರೀ ಹಿನ್ನೆಲೆಯಾಗಿಬಿಡುತ್ತದೆ.

ಹುಡುಗಿ: ನೀಲಗಾರರಿಗೆ ಆ ಹಾಡು ದೀಕ್ಷೆ, ಭಿಕ್ಷೆ. ಕಲೆ ಅನ್ನುವುದೇ ತಪ್ಪಲ್ಲವೆ?

ಮೇಷ್ಟ್ರು: ಅದನ್ನು ಒಪ್ಪುತ್ತೇನೆ. ಆದರೆ ದೀಕ್ಷೆಯಿಂದಲೇ ಈ ನಾದಕ್ಕೆ ಕಾಲಾವಕಾಶ ಸಿಕ್ಕಿದ್ದು ಎನ್ನುವುದನ್ನೂ ನೋಡಬೇಕು. ರಾತ್ರಿಯಿಡೀ ಕೂರುವ ಒಕ್ಕಲಿದ್ದಾಗ ಒಂದೇ ಮಟ್ಟು ಕೇಳುಗನ ಒಳಗಿಳಿಯುತ್ತದೆ. ಅದನ್ನೇ ವೇದಿಕೆಗೆ ತಂದು ಹತ್ತು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಬಡ ಸಂಗೀತ. ನನಗೆ ಸಂಕಟವಾಗುವುದು ಇಲ್ಲೇ.

ಹುಡುಗಿ: ಹಾಗಾದರೆ 24 ಮೆಟ್ಟುಗಳ ವೀಣೆಯಲ್ಲಿ ಗಮಕ ಬಿಟ್ಟು, ಮೂರೇ ಸ್ವರ ಹಿಡಿದು ನುಡಿಸಲೆ?

ಮೇಷ್ಟ್ರು: ಯಾವುದಕ್ಕೆ?

ಹುಡುಗಿ: ಕಾವ್ಯದಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗಕ್ಕೆ.

ಮೇಷ್ಟ್ರು: ಅದಕ್ಕೆ ಮಾತು ಬೇಕಲ್ಲವ್ವ. ಹಾಡುವವರು ಯಾರು?