ಮೇಲುಕೋಟೆಯ ಕತ್ತಲೆ ಯಾರ ಸಾಲ?

ನರಕ ಚತುರ್ದಶಿಯ ನಸುಕಿನಲ್ಲಿ ಪಾಂಡವಪುರ ತಾಲ್ಲೂಕಿನ ಊರೂರಲ್ಲೂ ಎಣ್ಣೆನೀರಿನ ಸಡಗರ. ಅದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡಯಂ ಅಯ್ಯಂಗಾರರ ಮನೆಗಳಲ್ಲಿ ಅಂದು ಹಬ್ಬವಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಆ ದಿನವೇ ತಮ್ಮವರು ಸುಮಾರು 800 ಮಂದಿಯನ್ನು ಕೊಲ್ಲಲಾಯಿತು ಎಂಬ ನೆನಪು ಆ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಮೈಸೂರು ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಇದೇ ಮಂಡಯಂ ಸಮುದಾಯದ ತಿರುಮಲರಾಯರು 1782ರಲ್ಲಿ ಇಂಗ್ಲಿಷ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು; ಅದರ ಸೇಡು ಅವರ ನಂಟರಿಷ್ಟರ ಮೇಲೆ ತಿರುಗಿತು ಎನ್ನುತ್ತಾರೆ. ಸಂಖ್ಯೆ, ವರ್ಷ, ಜಾಗ ಯಾವುದರಲ್ಲೂ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆ ಕಾಲದ್ದೇ ಆದ ಕಾಗದಪತ್ರ ಸಾಲದು ಎಂಬ ಆಕ್ಷೇಪವೂ ಇದೆ, ಅದು ನ್ಯಾಯವಾದ ಆಕ್ಷೇಪ. ಆದರೂ ತಲೆಮಾರುಗಟ್ಟಲೆ ಹಬ್ಬ ಬಿಟ್ಟು ಕೂತ ಮನೆಯ ಬಾಗಿಲಲ್ಲಿ ನಿಂತು "ದಾಖಲೆ ಎಲ್ಲಿ?" ಎಂದಷ್ಟೇ ಕೇಳಿ ಹೊರಟುಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಅಂದು ನಡೆದದ್ದಕ್ಕೆ ಇಂದು ಉತ್ತರ ಹೇಳಬೇಕಾದವರು ಯಾರು?

ಹಳ್ಳಿಯ ಲೆಕ್ಕದಲ್ಲಿ ಇದು ತೀರಾ ಸ್ಪಷ್ಟ. ಅಪ್ಪ ಕೊಲೆ ಮಾಡಿದರೆ ಮಗನನ್ನು ಗಲ್ಲಿಗೆ ಹಾಕುವುದಿಲ್ಲ. ಅಪ್ಪ ಸಾಲ ಮಾಡಿ ಸತ್ತರೆ, ಅವನ ಜಮೀನು ಉಳುವ ಮಗನ ಹತ್ತಿರ ಸಾಲ ಕೊಟ್ಟವನು ಬಂದೇ ಬರುತ್ತಾನೆ. ಕೊಲೆಯ ಪಾಪ ಮಾಡಿದವನೊಂದಿಗೆ ಹೋಯಿತು. ಸಾಲ ಆಸ್ತಿಯ ಬೆನ್ನು ಹಿಡಿದು ಬಂತು. ಇಷ್ಟು ತಿಳಿದ ನಾವು ಜಾತಿ, ಧರ್ಮ, ದೇಶಗಳ ಮಾತು ಬಂದಾಗ ಎರಡನ್ನೂ ಕಲಸಿಬಿಡುತ್ತೇವೆ.

ಈ ಕಲಸುಮೇಲೋಗರವನ್ನು ಬಿಡಿಸಲು ಕೂತವರು ಜರ್ಮನಿಯ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್. ಅವರ ಹೆಂಡತಿ ಯಹೂದಿ ಮನೆತನದವರು. ಆ ಕಾರಣಕ್ಕೆ 1937ರಲ್ಲಿ ನಾಜಿ ಆಡಳಿತ ಯಾಸ್ಪರ್ಸರನ್ನು ಅಧ್ಯಾಪಕ ಹುದ್ದೆಯಿಂದ ತೆಗೆದುಹಾಕಿತ್ತು. ಯುದ್ಧ ಮುಗಿದು ಸೋತ ಜರ್ಮನಿಯಲ್ಲಿ, 1945-46ರ ಚಳಿಗಾಲದಲ್ಲಿ, ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅವರು ಇದೇ ವಿಷಯದ ಮೇಲೆ ಉಪನ್ಯಾಸ ಕೊಟ್ಟರು. 1946ರಲ್ಲಿ ಅದು ಪುಸ್ತಕವಾಯಿತು. ತಪ್ಪು ಒಂದೇ ಬಗೆಯದಲ್ಲ, ನಾಲ್ಕು ಬಗೆಯದು ಎಂದರು ಅವರು. ಕಾನೂನು ಮುರಿದು ಕೊಂದವನ ತಪ್ಪನ್ನು ನ್ಯಾಯಾಲಯ ವಿಚಾರಿಸುತ್ತದೆ. ನನ್ನ ರಾಜ್ಯ ನನ್ನ ಹೆಸರಿನಲ್ಲಿ ಮಾಡಿದ್ದಕ್ಕೆ ಪ್ರಜೆಯಾಗಿ ನಾನು ಹೊರಬೇಕಾದ ಭಾರ ಎರಡನೆಯದು. ಇದು ರಾಜಕೀಯ ಹೊಣೆ. ಹೆದರಿಯೋ ಲಾಭಕ್ಕೋ ಬಾಯಿ ಮುಚ್ಚಿಕೊಂಡದ್ದು ಮೂರನೆಯದು, ಅದರ ವಿಚಾರಣೆ ಅವರವರ ಅಂತಃಸಾಕ್ಷಿಯಲ್ಲಿ. ನಾಲ್ಕನೆಯದನ್ನು ಹೇಳುವುದು ಕಷ್ಟ: ಪಕ್ಕದವನನ್ನು ಎಳೆದೊಯ್ದಾಗ ನಾನು ಬದುಕಿ ಉಳಿದೆನಲ್ಲ ಎಂಬ ಸಂಕಟ. ಅದಕ್ಕೆ ನ್ಯಾಯಾಧೀಶರಿಲ್ಲ, ದೇವರ ಮುಂದೆ ಮಾತ್ರ ಅದರ ಲೆಕ್ಕ.

ಅವರ ಶಿಷ್ಯೆ ಹನ್ನಾ ಆರೆಂಟ್ ಮುಂದೆ ಈ ಗೆರೆಯನ್ನು ಇನ್ನಷ್ಟು ಗಟ್ಟಿಮಾಡಿದರು. ಅಪರಾಧ ಎಂದಿಗೂ ಒಬ್ಬೊಬ್ಬರದೇ. ಇಡೀ ಜನಾಂಗ ಎದೆ ಬಡಿದುಕೊಂಡು "ನಾವೆಲ್ಲ ಪಾಪಿಗಳು" ಎಂದರೆ ನಿಜವಾದ ಕೊಲೆಗಾರ ಆ ಗುಂಪಿನಲ್ಲಿ ಸುಖವಾಗಿ ಬಚ್ಚಿಟ್ಟುಕೊಳ್ಳುತ್ತಾನೆ. ಹೊಣೆಯ ಮಾತು ಬೇರೆ. ಏನೂ ಮಾಡದಿದ್ದರೂ ಒಂದು ರಾಜ್ಯಕ್ಕೆ ಸೇರಿದವರೆಂಬ ಕಾರಣಕ್ಕೇ ಅದು ನಮ್ಮ ಮೇಲೆ ಬರುತ್ತದೆ. 1970ರ ಡಿಸೆಂಬರ್ 7ರಂದು ವಾರ್ಸಾದಲ್ಲಿ ಯಹೂದಿ ಹುತಾತ್ಮರ ಸ್ಮಾರಕದ ಮುಂದೆ ಮಂಡಿಯೂರಿದ ಜರ್ಮನ್ ಚಾನ್ಸಲರ್ ವಿಲಿ ಬ್ರಾಂಟ್ ಇದಕ್ಕೆ ಜೀವಂತ ಉದಾಹರಣೆ. ಅವರು 1933ರಲ್ಲೇ ನಾಜಿಗಳಿಂದ ತಪ್ಪಿಸಿಕೊಂಡು ನಾರ್ವೆಗೆ ಓಡಿದವರು. ಅವರ ಕೈಯಲ್ಲಿ ರಕ್ತವಿರಲಿಲ್ಲ, ಆದರೆ ಅವರು ಕೂತ ಕುರ್ಚಿಗೆ ಸಾಲವಿತ್ತು.

ಈಗ ಮೇಲುಕೋಟೆಗೆ ಮರಳೋಣ. ಟಿಪ್ಪುವಿನ ರಾಜ್ಯ ಮಾಡಿದ್ದಕ್ಕೆ ವಾರಸುದಾರರು ಯಾರು ಎಂದರೆ ಬೀದಿಯಲ್ಲಿ ಸಿಗುವ ಉತ್ತರ ಒಂದೇ: ಮುಸ್ಲಿಮರು. ಎಡವುವುದು ಇಲ್ಲಿಯೇ. ರಾಜಕೀಯ ಹೊಣೆ ರಾಜ್ಯದ ಬೆನ್ನು ಹಿಡಿದು ಹೋಗುತ್ತದೆ, ಧರ್ಮದ ಬೆನ್ನು ಹಿಡಿದಲ್ಲ. ಟಿಪ್ಪುವಿನ ಹಣಕಾಸು ನೋಡಿಕೊಂಡವರು ಪೂರ್ಣಯ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನ ಸತ್ತ, ಒಡೆಯರ ಮನೆತನ ಮರಳಿ ಪಟ್ಟಕ್ಕೆ ಬಂತು. ದಿವಾನರಾದವರು ಅದೇ ಪೂರ್ಣಯ್ಯ. ಅರಸು ಬದಲಾದರೂ ಆಡಳಿತದ ಎಳೆ ಕಡಿಯಲಿಲ್ಲ. ಆ ಎಳೆ ಮೈಸೂರು ಸಂಸ್ಥಾನವಾಗಿ, ಮೈಸೂರು ರಾಜ್ಯವಾಗಿ, ಇಂದಿನ ಕರ್ನಾಟಕದವರೆಗೆ ಬಂದಿದೆ. ಸಾಲವೆಂಬುದು ಇದ್ದರೆ ಅದು ನಮ್ಮೆಲ್ಲರದು. ಗಂಜಾಮಿನ ಗೌಡರದು, ಶ್ರೀರಂಗಪಟ್ಟಣದ ಕೋಟೆಯೊಳಗಿನ ಸಾಬರದು, ಈ ಬರಹ ಬರೆಯುತ್ತಿರುವ ನನ್ನದು.

ಹೊಣೆ ಜಾತಿ, ಧರ್ಮಗಳ ಬೆನ್ನು ಹಿಡಿಯುವುದಿಲ್ಲ ಎಂಬುದಕ್ಕೆ ಮೇಲುಕೋಟೆಯಲ್ಲೇ ಇನ್ನೊಂದು ಸಾಕ್ಷಿಯಿದೆ. 1771ರಲ್ಲಿ ಮರಾಠಾ ಸೈನ್ಯ ಹತ್ತಿರದ ಚಿನಕುರಳಿಯಲ್ಲಿ ಹೈದರಾಲಿಯನ್ನು ಸೋಲಿಸಿ ಮೇಲುಕೋಟೆಯನ್ನು ಲೂಟಿ ಮಾಡಿತು. ತೇರುಗಳಲ್ಲಿದ್ದ ಕಬ್ಬಿಣಕ್ಕಾಗಿ ದೊಡ್ಡ ದೊಡ್ಡ ಮರದ ತೇರುಗಳಿಗೇ ಬೆಂಕಿ ಹಚ್ಚಿದರು. ಬೆಂಕಿ ಹಬ್ಬಿ ದೇವಾಲಯದ ಕಟ್ಟಡಗಳೂ ಸುಟ್ಟವು ಎಂದು ಗೆಜೆಟಿಯರ್ ಹೇಳುತ್ತದೆ. ನಾಗಮಂಗಲವೂ ಮುಂದೊಂದು ಯುದ್ಧದಲ್ಲಿ ಮರಾಠರ ಕೈಗೆ ಸಿಕ್ಕಿ ಹಾಳಾಯಿತು. ಹೀಗಿದ್ದೂ ಕೆ.ಆರ್. ಪೇಟೆಯಲ್ಲಿ ಮರಾಠಿ ಮನೆಮಾತಿನ ದರ್ಜಿಯೊಬ್ಬರ ಅಂಗಡಿಗೆ ಹೋಗಿ "ನಿಮ್ಮವರು ನಮ್ಮ ತೇರು ಸುಟ್ಟರು" ಎಂದು ಯಾರೂ ಜಗಳ ತೆಗೆಯುವುದಿಲ್ಲ. ತೆಗೆಯಲೂ ಬಾರದು. ಈ ವಿವೇಕ ದರ್ಜಿಯ ವಿಷಯದಲ್ಲಿ ಇದ್ದು, ಪಕ್ಕದ ಅಂಗಡಿಯ ಮುಸ್ಲಿಮನ ವಿಷಯದಲ್ಲಿ ಕೈಬಿಟ್ಟರೆ ಅದಕ್ಕೆ ಇತಿಹಾಸ ಕಾರಣವಲ್ಲ, ಭೇದಭಾವ ಕಾರಣ. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ಗಲಭೆಯೆದ್ದು ಅಂಗಡಿಗಳು ಸುಟ್ಟಾಗ ಕಲ್ಲೆಸೆದವರು, ಬೆಂಕಿಯಿಟ್ಟವರು ಯಾರೇ ಆಗಿರಲಿ, ಅವರದು ಮೊದಲ ಬಗೆಯ ತಪ್ಪು. ಹೆಸರು ಹಿಡಿದು ವಿಚಾರಿಸಬೇಕಾದದ್ದು. ಅವರ ಅಣ್ಣತಮ್ಮಂದಿರದಲ್ಲ, ಅವರ ಮೊಹಲ್ಲಾದ್ದಲ್ಲ, ಅವರ ಕೇರಿಯದಲ್ಲ. ನೋಡುತ್ತ ನಿಂತು ಸುಮ್ಮನಿದ್ದವರಿಗೆ ಮೂರನೆಯದು ಇದ್ದೇ ಇದೆ.

ಇನ್ನೊಂದು ತುದಿಯಲ್ಲೂ ಮೋಸವಿದೆ. ಟಿಪ್ಪುವಿನ ರಾಕೆಟ್ಟು ನಮ್ಮದು, ಅವನು ತಂದ ರೇಷ್ಮೆ ನಮ್ಮದು, ಇಂಗ್ಲಿಷರ ಎದುರು ಕೋಟೆಯಲ್ಲೇ ಮಡಿದ ಶೌರ್ಯ ನಮ್ಮದು ಎಂದು ಹೆಮ್ಮೆಪಡುವ ಎಷ್ಟೋ ಜನ, ಕೊಡಗಿನಿಂದಲೂ ಮಂಗಳೂರು ಸೀಮೆಯಿಂದಲೂ ಸಾವಿರಾರು ಕೊಡವರು, ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದು ಬಂದದ್ದನ್ನು ಹೇಳಿದೊಡನೆ ಮಾತು ತಿರುಗಿಸುತ್ತಾರೆ. ಜಮೀನು ಬೇಕು, ಸಾಲ ಬೇಡ. 2015ರಿಂದ ಸರ್ಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಎರಡು ಸಲವೂ ಕೊಡಗಿನ, ಮೇಲುಕೋಟೆಯ ನೋವಿಗೆ ರಾಜ್ಯದ ಕಡೆಯಿಂದ ಒಂದು ಹೊಣೆಯ ಮಾತು ಬರಲಿಲ್ಲ. ಬಂದದ್ದು ಪರ ಅಥವಾ ವಿರೋಧ.

ಸಾಲ ತೀರಿಸೆಂದು ಕೇಳುವವರಿಗೂ ಸಾಲವಿರುತ್ತದೆ. ಇದೇ ಮೇಲುಕೋಟೆಯಲ್ಲಿ ರಾಮಾನುಜರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ತಿರುಕುಲದವರಿಗೆ ದೇವಾಲಯ ಪ್ರವೇಶ ಕೊಡಿಸಿದರು ಎಂದು ಕೊಂಡಾಡುತ್ತೇವೆ. ಅದು ವರ್ಷದಲ್ಲಿ ಕೆಲವೇ ದಿನ. ಮಿಕ್ಕ ದಿನಗಳಲ್ಲಿ ಅವರಿಗೆ ಬಾಗಿಲು ಮುಚ್ಚಿಯೇ ಇತ್ತು, ನೂರಾರು ವರ್ಷ. ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರ್ ಎಂಬ ಮುಸ್ಲಿಂ ರಾಜಕುಮಾರಿಗೆ ಪೂಜೆ ಸಲ್ಲುವ ಊರಿನಲ್ಲೇ.

ದೇಶದ ಮಟ್ಟದಲ್ಲೂ ನಮ್ಮ ಲೆಕ್ಕ ಬಾಕಿಯಿದೆ. ಎರಡನೇ ಮಹಾಯುದ್ಧದಲ್ಲಿ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದ ಅಮೆರಿಕ 1988ರಲ್ಲಿ ಕಾಯ್ದೆ ಮಾಡಿ ಕ್ಷಮೆ ಕೇಳಿತು, ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಟ್ಟಿತು. 1962ರ ಚೀನಾ ಯುದ್ಧದಲ್ಲಿ ನಾವೂ ಸುಮಾರು 3,000 ಚೀನೀ ಮೂಲದ ಜನರನ್ನು, ಹಸುಗೂಸುಗಳನ್ನೂ ಬಿಡದೆ, ರಾಜಸ್ಥಾನದ ದೇವಲಿಯ ಶಿಬಿರಕ್ಕೆ ತುಂಬಿದೆವು. ಅಲ್ಲಿದ್ದ ಮಕ್ಕಳಲ್ಲಿ ಹಲವರು ಇಂದು ಮುದುಕರಾಗಿ ಒಂದು ಕ್ಷಮೆಯ ಮಾತಿಗೆ ಕಾಯುತ್ತಿದ್ದಾರೆ.

ಶ್ರೀರಂಗಪಟ್ಟಣದ ಕೋಟೆಗೋಡೆಯ ಮೇಲೆ, ಕಾವೇರಿಯ ಕಡೆಗೆ, ಒಂದು ಎತ್ತರದ ಸ್ತಂಭವಿದೆ. 1799ರಲ್ಲಿ ಕೋಟೆಗೆ ಮುತ್ತಿಗೆ ಹಾಕಿ ಸತ್ತವರ ನೆನಪಿಗೆ 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ್ದು. ಗೆದ್ದವರ ಪಡೆಗೆ ಕಲ್ಲು ನೆಡಲು ನಮ್ಮ ಸರ್ಕಾರಕ್ಕೆ ಆಗಿತ್ತು. ಅಲ್ಲಿಗೆ ನಡೆಸಿ ತಂದ ಸೆರೆಯವರಿಗೆ, ಕೋಟೆ ಬಿದ್ದ ರಾತ್ರಿ ಸೂರೆಹೋದ ಪಟ್ಟಣದ ಮನೆಗಳಿಗೆ, ಮೇಲುಕೋಟೆಯವರಿಗೆ ಇಂಥದೊಂದು ಕಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ. ನಿಲ್ಲಿಸುವುದಾದರೆ ನಿಲ್ಲಿಸಬೇಕಾದದ್ದು ಒಂದು ಕೋಮಲ್ಲ, ಕರ್ನಾಟಕ ಸರ್ಕಾರ. ಎಷ್ಟು ಜನ ಎಂದು ಕೆತ್ತುವುದು ಎಂಬ ಜಗಳ ಏಳುತ್ತದೆ, ಬಲ್ಲೆ. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ ಎಂದೇ ಕೆತ್ತಲಿ. ಕನ್ನಡದಲ್ಲಿ, ಕೊಡವ ತಕ್ಕ್‌ನಲ್ಲಿ, ಕೊಂಕಣಿಯಲ್ಲಿ, ಮಂಡಯಂ ಮನೆಗಳ ತಮಿಳಿನಲ್ಲಿ, ಉರ್ದುವಿನಲ್ಲಿ.